ದೀಪದ ಬೋರ್ಡಿಗೆ ಟೈಲರಮ್ಮನ ಒಪ್ಪಿಗೆ

"ನನಗೆ ಬುದ್ಧಿ ಕೆಟ್ಟಿದೆಯೋ ಇಲ್ಲವೋ, ಅಷ್ಟು ಹೇಳಿಬಿಡಿ. ಕೆಟ್ಟಿದೆ ಅಂದ್ರೂ ಪರವಾಗಿಲ್ಲ. ಅಂಗಡಿ ಮುಚ್ಚಿ ಸುಮ್ಮನಾಗ್ತೀನಿ."

ಬೆಳಿಗ್ಗೆ ಹತ್ತಕ್ಕೆ ಬಂದ ಟೈಲರಮ್ಮ ಕುರ್ಚಿಯ ಅಂಚಿನಲ್ಲಿ ಕೂತು ಆಡಿದ ಮೊದಲ ಮಾತೇ ಇದು. ಟೀ ತಂದಿದ್ದ ನಾದಿನಿ ಲೋಟ ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು.

ಆ ಮನೆಯಲ್ಲಿದ್ದವರು ಇಬ್ಬರೇ, ಅತ್ತಿಗೆ ಮತ್ತು ನಾದಿನಿ. ಅತ್ತಿಗೆ ನಗರ ಯೋಜನಾ ಕಚೇರಿಯ ದಾಖಲೆ ಕೋಣೆಯಲ್ಲಿ ಮೂವತ್ತೊಂದು ವರ್ಷ ಕಡತಗಳ ಧೂಳು ಕುಡಿದು ನಿವೃತ್ತಳಾದವಳು. ಯಾರ ಬದುಕಿನಲ್ಲಿ ಬಿಡಿಸಲಾಗದ ಗಂಟು ಬಿದ್ದರೂ ಅವಳ ಬಾಗಿಲಿಗೆ ಬರುತ್ತಿದ್ದರು. ಬಂದವರಿಗೆ ಟೀ ಕೊಡುವುದು, ಅತ್ತಿಗೆಯ ಚೀಲ ಹೊರುವುದು, ಅವಳ ಹಿಂದೆ ಬೀದಿ ಬೀದಿ ಸುತ್ತುವುದು ನಾದಿನಿಯ ಪಾಲು. "ಪೊಲೀಸರಿಗೆ ಸಂಬಳ, ನಮಗೆ ಮಂಡಿನೋವು" ಎಂದು ಅವಳು ಗೊಣಗದ ದಿನವಿಲ್ಲ. ಹಾಗಂತ ಒಂದು ಸಲವೂ ಮನೆಯಲ್ಲಿ ಉಳಿದವಳೂ ಅಲ್ಲ.

"ಮೊದಲಿಂದ ಹೇಳಿ" ಎಂದಳು ಅತ್ತಿಗೆ.

ಟೈಲರಮ್ಮನ ಹೊಲಿಗೆ ಕೋಣೆಯ ಕಿಟಕಿಗೆ ನೇರ ಎದುರು ಪೆಟ್ರೋಲ್ ಬಂಕ್ ಇತ್ತು. ಬಂಕಿನ ಯಜಮಾನ ಮೂವತ್ತು ಅಡಿ ಕಂಬದ ಮೇಲೆ ಕೆಂಪು ಹಸಿರಿನ ದೀಪದ ಬೋರ್ಡು ಹಾಕಲು ಯೋಜನಾ ಕಚೇರಿಗೆ ಅರ್ಜಿ ಕೊಟ್ಟಿದ್ದ. ಮೂರು ವರ್ಷದ ಹಿಂದೆಯೂ ಕೊಟ್ಟು, ಆಮೇಲೆ ತಾನೇ ಕೈಬಿಟ್ಟಿದ್ದ. ಆಗಲೂ ಈಗಲೂ ಆಕ್ಷೇಪಣೆ ಸಲ್ಲಿಸಿದವಳು ಟೈಲರಮ್ಮ ಒಬ್ಬಳೇ. ಸಂಜೆಯಾಯಿತೆಂದರೆ ಕೆಂಪು ಬೆಳಕು ಬಟ್ಟೆಯ ಮೇಲೆ ಬೀಳುತ್ತದೆ, ನೀಲಿ ದಾರ ಯಾವುದು ಕಪ್ಪು ದಾರ ಯಾವುದು ತಿಳಿಯುವುದಿಲ್ಲ, ತನ್ನ ಹೊಟ್ಟೆಪಾಡೇ ಕಣ್ಣಿನ ಮೇಲೆ ನಿಂತಿದೆ ಎಂದು ಬರೆದಿದ್ದಳು. ಕಚೇರಿ ವಿಚಾರಣೆಗೆ ಕರೆಯುತ್ತದೆ ಎಂದು ಕಾಯುತ್ತಿದ್ದಳು. ಬಂದದ್ದು ಬಂಕಿಗೆ ಒಪ್ಪಿಗೆ ಕೊಟ್ಟ ಆದೇಶದ ಪ್ರತಿ!

"ಓಡಿಹೋಗಿ ಕೇಳಿದೆ. 'ನೀವೇ ಆಕ್ಷೇಪಣೆ ವಾಪಸ್ ತಗೊಂಡಿದ್ದೀರಲ್ಲಮ್ಮ' ಅಂತ ಕಾಗದ ತೋರಿಸಿದ್ರು. ನನ್ನದೇ ಅಕ್ಷರ. ನನ್ನದೇ ಸಹಿ. ಬರೆದ ನೆನಪೇ ಇಲ್ಲ." ಟೈಲರಮ್ಮನ ದನಿ ಒಡೆಯಿತು. "ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು. ಕೊನೆಗೆ ನನ್ನನ್ನೇ 'ಯಾರಮ್ಮಾ ನೀನು' ಅಂತಿದ್ಲು. ಒಂಬತ್ತು ವರ್ಷ ನೋಡ್ಕೊಂಡಿದ್ದೀನಿ. ಆ ಸ್ಥಿತಿ ಶತ್ರುವಿಗೂ ಬೇಡ."

"ಮನೆಯಲ್ಲಿ ಏನಂತಾರೆ?"

"ತಂಗಿ, ಅವಳ ಗಂಡ ನನ್ನ ಜೊತೆಗೇ ಇರೋದು. ನಾನೇ ಸಾಕಿದ ಹುಡುಗಿ ಅವಳು, ಕೈಗೆ ಸೂಜಿಯನ್ನೂ ಕೊಟ್ಟಿಲ್ಲ. 'ನೆನಪಿಲ್ಲದಿದ್ರೆ ಬಿಡಕ್ಕಾ, ವಯಸ್ಸಾಗ್ತಾ ಬಂತಲ್ಲ' ಅಂತ ಸಮಾಧಾನ ಹೇಳಿದ್ಲು. ಮರೆವಿನ ಡಾಕ್ಟರ ಹತ್ತಿರ ಕರ್ಕೊಂಡು ಹೋದ್ಲು. ಆರು ತಿಂಗಳು ಬಿಟ್ಟು ನೋಡೋಣ ಅಂದ್ರು. ಅವತ್ತಿಂದ ನಾನು ಬಟ್ಟೆಗೆ ಕತ್ತರಿ ಹಾಕಿಲ್ಲ. ಯಾರದ್ದೋ ಬಟ್ಟೆ, ಯಾರದ್ದೋ ಅಳತೆಗೆ ಕತ್ತರಿಸಿಬಿಟ್ರೆ?"

ತಂಗಿಯ ಗಂಡ ಏನು ಕೆಲಸ ಮಾಡುತ್ತಾನೆ ಎಂದು ಅತ್ತಿಗೆ ಕೇಳಿದಳು. ಬೋರ್ಡು ಮಾಡುವವನಂತೆ. ಬಂಕಿನ ಬೋರ್ಡಿನ ಕೆಲಸವೂ ಅವನಿಗೇ ಸಿಕ್ಕಿತ್ತಂತೆ.

ಟೈಲರಮ್ಮ ಹೊರಟಮೇಲೆ ನಾದಿನಿ ಸೊಂಟಕ್ಕೆ ಕೈಯಿಟ್ಟಳು. "ಇನ್ನೇನು ಬೇಕು ಅತ್ತಿಗೆ? ಹುಲ್ಲಿನ ಬಣವೆ ಪಕ್ಕದಲ್ಲೇ ಹಸು ನಿಂತಿದೆ. ತಂಗಿ ಗಂಡನೇ!"

"ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋಳು ನೀನು. ಚೀಲ ತಗೋ."

ಯೋಜನಾ ಕಚೇರಿಯ ಗುಮಾಸ್ತ ಒಂದು ಕಾಲಕ್ಕೆ ಅತ್ತಿಗೆಯ ಕೈಕೆಳಗೆ ಬೈಸಿಕೊಂಡು ಬೆಳೆದವನು. ಕಡತ ತಂದು ಮುಂದಿಟ್ಟ. ಅತ್ತಿಗೆ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನಾಲ್ಕೇ ಸಾಲು: ಎದುರಿನ ಬಂಕಿನ ದೀಪದ ಬೋರ್ಡಿನ ಬಗ್ಗೆ ನಾನು ಸಲ್ಲಿಸಿದ ಆಕ್ಷೇಪಣೆಯನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ, ಒಂಬತ್ತು ಗಂಟೆಗೆ ದೀಪ ಆರಿಸುವುದಾಗಿ ಯಜಮಾನರು ಒಪ್ಪಿದ್ದಾರೆ, ಇತ್ಯಾದಿ. ತಾರೀಖು ಇರಲಿಲ್ಲ. ಕಚೇರಿಯ ಮೊಹರು ಮಾತ್ರ ಹೋದ ತಿಂಗಳು ಹನ್ನೆರಡು ಎನ್ನುತ್ತಿತ್ತು.

"ನೋಡೇ" ಎಂದಳು ಅತ್ತಿಗೆ. ನಾದಿನಿ ಕಣ್ಣು ಕಿರಿದು ಮಾಡಿ ನೋಡಿದಳು. ಎಡಮೂಲೆಯಲ್ಲಿ ಎರಡು ಸಣ್ಣ ತೂತು, ಸುತ್ತ ಕಂದು ಬಣ್ಣದ ಉಂಗುರ. ಕಾಗದದ ಮೇಲಂಚು ಮಿಕ್ಕ ಮೂರು ಅಂಚುಗಳಂತಿರದೆ ಯಾರೋ ಕತ್ತರಿಸಿದಂತಿತ್ತು. ನಡುವೆ ಒಂದು ಕಡೆ ಇಲಿ ಹಲ್ಲಿನಷ್ಟು ಸಣ್ಣ ಮೊನೆ ಹೊರಗೆ ಚಾಚಿತ್ತು.

"ಇದನ್ನ ತಂದುಕೊಟ್ಟೋರು ಯಾರು?"

"ಟೈಲರಮ್ಮನೇ ಮೇಡಂ. 'ಟೈಲರ್ ಮನೆ, ಬಂಕ್ ಎದುರು' ಅಂದ್ರು. ರಸೀದಿ ಕೊಟ್ಟೆ. ಬಗ್ಗಿ ಓದಿ ಬಾಗಿಲ ಸಂಖ್ಯೆ ತಪ್ಪಿದೆ ಅಂತ ಅಲ್ಲೇ ತಿದ್ದಿಸಿಕೊಂಡ್ರು."

"ಮುಖ ನೋಡಿದ್ಯಾ?"

"ನಮ್ಮ ಕಿಟಕಿ ಎಷ್ಟಿದೆ ನಿಮಗೆ ಗೊತ್ತಿಲ್ವಾ ಮೇಡಂ? ಕಾಗದ ತೂರೋಷ್ಟು. ಬಗ್ಗಿದಾಗ ಒಂದು ಜೊತೆ ಕಣ್ಣು ಕಂಡಿತು, ಅಷ್ಟೇ."

"ಬರೀ ಕಣ್ಣು?"

"ಕಣ್ಣೇ ಮೇಡಂ. ಕಣ್ಣಿರೋ ಕಡೆ ಇನ್ನೇನು ಕಾಣುತ್ತೆ?"

ಅತ್ತಿಗೆ ತಲೆಯಾಡಿಸಿ, ಮೂರು ವರ್ಷದ ಹಿಂದಿನ ಕಡತವನ್ನೂ ತರಿಸಿ ಓದಿದಳು. ಒಪ್ಪಿಗೆ ರದ್ದಾಗಬೇಕಾದರೆ ಆದೇಶವಾದ ಹದಿನೈದು ದಿನದೊಳಗೆ ಲಿಖಿತ ದೂರು ಬೇಕು, ನಾಡಿದ್ದಿಗೆ ಗಡುವು ಮುಗಿಯುತ್ತದೆ ಎಂದು ಗುಮಾಸ್ತ ನೆನಪಿಸಿದ.

ಅಲ್ಲಿಂದ ನೇರ ಟೈಲರಮ್ಮನ ಮನೆಗೆ. ಹೊಲಿಗೆ ಕೋಣೆ ಅಂದರೆ ಕೋಣೆ! ಉದ್ದದ ಕತ್ತರಿಸುವ ಮೇಜು, ಗೋಡೆಯ ತುಂಬಾ ಗಿರಾಕಿಗಳ ಅಳತೆಗೆ ಕತ್ತರಿಸಿಟ್ಟ ಕಾಗದದ ಮಾದರಿಗಳು. ಪ್ರತಿ ಮಾದರಿಗೂ ಅಳತೆ ಚೀಟಿ, ಬಟ್ಟೆ ಚೂರು, ಕಂಡಕಂಡದ್ದೆಲ್ಲ ಗುಂಡುಪಿನ್ನಿನಿಂದ ಚುಚ್ಚಿ ನೇತುಹಾಕಿತ್ತು. ಒಂದೇ ಒಂದು ಮಾದರಿ ಮೇಜಿನ ಮೇಲಿತ್ತು. "ಬಂಕಿನ ಯಜಮಾನರ ಕೋಟಿನದ್ದು. ಹೋದ ತಿಂಗಳು ಹೊಸ ಕೋಟಿಗೆ ಅಂತ ಇಳಿಸಿದೆ, ಹಾಗೇ ಬಿದ್ದಿದೆ" ಎಂದಳು ಟೈಲರಮ್ಮ. ಕೊರಳಿನ ದಾರಕ್ಕೆ ನೇತಾಡುತ್ತಿದ್ದ ದಪ್ಪ ಕನ್ನಡಕ ಏರಿಸಿಕೊಂಡ ಮೇಲೇ ಅವಳಿಗೆ ಬಂದವರು ಯಾರೆಂದು ತಿಳಿದದ್ದು.

ಅತ್ತಿಗೆ ಸುತ್ತ ನೋಡುತ್ತಿರಲು ನಾದಿನಿ ತಾನು ತಂದಿದ್ದ ಬಿಸ್ಕತ್ತಿನ ಪೊಟ್ಟಣ ಬಿಡಿಸಲೆಂದು ಮೇಜಿನ ಮೇಲಿದ್ದ ದೊಡ್ಡ ಕತ್ತರಿಗೆ ಕೈಹಾಕಿದಳು.

"ಅಯ್ಯೋ, ಬಿಡ್ರೀ!" ಟೈಲರಮ್ಮ ಕಿರುಚಿದಳು. "ಬಟ್ಟೆ ಕತ್ತರಿ ಅದು! ಕಾಗದ ಕತ್ತರಿಸಿದ್ರೆ ಅದರ ಬಾಯಿ ಹೋಗುತ್ತೆ. ಹೊಲಿಯೋರು ಬೆರಳು ಬೇಕಾದ್ರೆ ಕತ್ತರಿಸ್ಕೊಂಡೇವು, ಅದರಲ್ಲಿ ಕಾಗದ ಕತ್ತರಿಸಲ್ಲ. ಹೋದ ವರ್ಷ ಕೈತಪ್ಪಿ ಬಿದ್ದು ಅಲಗಿನ ನಡುವೆ ಒಂದು ಕಚ್ಚು ಬೇರೆ ಬಿದ್ದಿದೆ. ಕಾಗದಕ್ಕೆ ಇಕೋ, ಈ ಸಣ್ಣದು."

ನಾದಿನಿ ಬೆಪ್ಪಾಗಿ ನಾಲಿಗೆ ಕಚ್ಚಿಕೊಂಡಳು. ಅತ್ತಿಗೆ ಮಾತ್ರ ದೊಡ್ಡ ಕತ್ತರಿಯಿಂದ ಹಳೆಯ ಬಟ್ಟೆಯ ಚೂರೊಂದನ್ನು ಕತ್ತರಿಸಿಕೊಡಲು ಹೇಳಿ ಅದನ್ನು ಚೀಲಕ್ಕೆ ಹಾಕಿಕೊಂಡಳು. ಹೊರಡುವಾಗ ತಂಗಿಯ ಗಂಡ ಎದುರಾದ. ಹೋದ ತಿಂಗಳು ಹತ್ತರಿಂದ ಹದಿನಾರರವರೆಗೆ ಎಲ್ಲಿದ್ದೆ ಎಂದು ಅತ್ತಿಗೆ ಕೇಳಿದಾಗ, ಬೇರೆ ಊರಿನ ಚಿತ್ರಮಂದಿರದ ಮೇಲೆ ಏಣಿ ಹತ್ತಿ ನಿಂತಿದ್ದೆ, ಬೇಕಾದರೆ ಅಲ್ಲಿಯವರನ್ನು ಕೇಳಿ ಎಂದು ಸಿಡುಕಿದ. ಅತ್ತಿಗೆ ಕೇಳಿಯೂ ಕೇಳಿದಳು. ಮಾತು ನಿಜವಾಗಿತ್ತು. ನಾದಿನಿ ಆ ದಿನವಿಡೀ ಮುಖ ಊದಿಸಿಕೊಂಡಿದ್ದಳು.

ಮರುದಿನ ಮಧ್ಯಾಹ್ನ ಹೊಲಿಗೆ ಕೋಣೆಯಲ್ಲಿ ಎಲ್ಲರೂ ಸೇರಿದರು. ಕಡತ ಹಿಡಿದ ಗುಮಾಸ್ತ, ಹೊಟ್ಟೆಯ ಮೇಲೆ ಕೈಕಟ್ಟಿದ ಬಂಕಿನ ಯಜಮಾನ, ಬಾಗಿಲಿಗೆ ಒರಗಿದ ತಂಗಿಯ ಗಂಡ. ತಂಗಿ ಎಲ್ಲರಿಗೂ ನೀರು ಕೊಟ್ಟು ಅಕ್ಕನ ಪಕ್ಕ ಕೂತು ಅವಳ ಬೆನ್ನು ಸವರುತ್ತಿದ್ದಳು.

"ಈ ಕಾಗದ ಬರೆದದ್ದು ಟೈಲರಮ್ಮನೇ" ಎಂದು ಅತ್ತಿಗೆ ಶುರುಮಾಡಿದಳು. ಟೈಲರಮ್ಮ ಕಣ್ಣು ಮುಚ್ಚಿಕೊಂಡಳು. "ಆದರೆ ಹೋದ ತಿಂಗಳಲ್ಲ, ಮೂರು ವರ್ಷದ ಹಿಂದೆ."

ಅವಳು ಕಾಗದವನ್ನು ಕೋಟಿನ ಮಾದರಿಯ ಮೇಲಿಟ್ಟಳು. ಮಾದರಿಯಲ್ಲೂ ಎರಡು ತೂತು, ಅದೇ ತುಕ್ಕಿನ ಉಂಗುರ. ಒಂದರ ಮೇಲೊಂದು ಸರಿಯಾಗಿ ಕೂತವು.

"ಪಿನ್ನು ಒಂದು ತಿಂಗಳಲ್ಲಿ ಹೀಗೆ ತುಕ್ಕು ಉಗುಳಲ್ಲ. ಆಗ ಯಜಮಾನರು ಒಂಬತ್ತಕ್ಕೆ ದೀಪ ಆರಿಸ್ತೀನಿ ಅಂದಿದ್ರು, ನೀವು ಒಪ್ಪಿ ಈ ಕಾಗದ ಬರೆದ್ರಿ. ಕೊಡೋಕೆ ಮುಂಚೆ ಅವರೇ ಅರ್ಜಿ ಕೈಬಿಟ್ರು. ಹಳೇ ಕಡತದಲ್ಲಿ ನಿಮ್ಮ ಆಕ್ಷೇಪಣೆ ಇದೆ, ಹಿಂತೆಗೆದ ಕಾಗದ ಇಲ್ಲ. ನಿಮ್ಮ ಅಭ್ಯಾಸದಂತೆ ಅವರ ಕೋಟಿನ ಮಾದರಿಗೇ ಚುಚ್ಚಿಟ್ರಿ. ಕೊಡದೇ ಉಳಿದ ಕಾಗದವನ್ನ ಯಾರು ನೆನಪಿಟ್ಕೋತಾರೆ? ನಾನೂ ಮರೀತಿದ್ದೆ."

"ಹೌದು..." ಟೈಲರಮ್ಮನ ಕೈ ಬಾಯಿಗೆ ಹೋಯಿತು. "ಹೌದು, ಬರೆದಿದ್ದೆ!"

"ಹೋದ ತಿಂಗಳು ಮಾದರಿ ಕೆಳಗಿಳೀತು. ಕಾಗದ ಯಾರದೋ ಕಣ್ಣಿಗೆ ಬಿತ್ತು. ಮೇಲೆ ಹಳೇ ತಾರೀಖು ಇತ್ತು, ಅದನ್ನ ಕತ್ತರಿಸಿ ತೆಗೆದ್ರು. ಈ ಮೊನೆ ನೋಡಿ, ಈ ಬಟ್ಟೆಯಲ್ಲಿರೋ ಮೊನೆ ನೋಡಿ. ಎರಡೂ ದೊಡ್ಡ ಕತ್ತರಿಯ ಕಚ್ಚಿನದು. ಕಚ್ಚು ಬಿದ್ದದ್ದು ಹೋದ ವರ್ಷ, ಅಂದ್ರೆ ಬರಹ ಹಳೇದು, ಕತ್ತರಿಸಿದ್ದು ಹೊಸದು. ಬಟ್ಟೆ ಕತ್ತರಿಯಲ್ಲಿ ಕಾಗದ ಕತ್ತರಿಸೋದು ಹೊಲಿಗೆ ಬಾರದವರು ಮಾತ್ರ."

"ನಾನಂತೂ ಏನೂ ಹೇಳಿಕೊಟ್ಟಿಲ್ಲಪ್ಪಾ!" ಬಂಕಿನ ಯಜಮಾನ ಎದ್ದುನಿಂತ.

"ಕುಂಬಳಕಾಯಿ ಕಳ್ಳ ಅಂತ ಇನ್ನೂ ಯಾರೂ ಅಂದಿಲ್ಲ, ಹೆಗಲು ಮುಟ್ಟಿಕೋಬೇಡಿ. ಕೂತ್ಕೊಳ್ಳಿ. ಕಚೇರಿಗೆ ಹೋದದ್ದು ಹೆಂಗಸು. ಹಾಗಾಗಿ ನೀವಲ್ಲ, ಏಣಿ ಮೇಲಿದ್ದ ಇವನೂ ಅಲ್ಲ. ಗುಮಾಸ್ತನಿಗೆ ಕಂಡದ್ದು ಬರೀ ಕಣ್ಣು. ಆ ಕಣ್ಣು ರಸೀದಿಯ ಸಣ್ಣ ಅಕ್ಷರ ಓದಿ ತಪ್ಪು ಹಿಡೀತು. ಟೈಲರಮ್ಮನಿಗೆ ಕನ್ನಡಕ ಇಲ್ಲದೆ ಎದುರಿಗೆ ನಿಂತ ಮುಖವೂ ಕಾಣಲ್ಲ. ಈ ಮನೆಯ ಕತ್ತರಿ ಕೈಗೆ ಸಿಗೋ, ಹೊಲಿಗೆ ಬಾರದ, ಕನ್ನಡಕ ಬೇಡದ ಹೆಂಗಸು."

ಮುಂದೆ ಹೇಳಬೇಕಾಗಿರಲಿಲ್ಲ. ಅಕ್ಕನ ಬೆನ್ನು ಸವರುತ್ತಿದ್ದ ಕೈ ನಿಂತಿತ್ತು.

"ನೀನಾ?" ಎಂದ ಗಂಡ. ಅವನ ಮುಖ ಸುಣ್ಣವಾಗಿತ್ತು.

"ಇನ್ಯಾರಿಗೋಸ್ಕರ ಮಾಡಿದೆ ಅಂದ್ಕೊಂಡ್ರಿ?" ತಂಗಿ ಸಿಡಿದಳು. "ಇಪ್ಪತ್ತು ವರ್ಷ ಬಾಗಿಲ ಹೆಸರುಫಲಕ ಬರೆದದ್ದು, ಚಿತ್ರಮಂದಿರದ ಹಳೇ ಬೋರ್ಡಿಗೆ ಬಣ್ಣ ಬಳಿದದ್ದೇ ಆಯ್ತು. ಮೊದಲ ಸಲ ಒಂದು ದೊಡ್ಡ ಕೆಲಸ ಬಂತು. ಅದೂ ಇವಳ ದಾರದ ಬಣ್ಣಕ್ಕೋಸ್ಕರ ಹೋಗಬೇಕಿತ್ತಾ?"

"ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲೇ" ಎಂದಳು ಟೈಲರಮ್ಮ ಮೆಲ್ಲಗೆ.

"ಕೇಳಿದ್ರೆ ಬೇಡ ಅಂತಿದ್ದೆ. ಈ ಮನೆಯಲ್ಲಿ ಬೇಕು ಬೇಡ ಎಲ್ಲ ನಿನ್ನದೇ ಅಲ್ವಾ? ಕಾಗದ ಕೊಟ್ರೆ ಮುಗೀತು ಅಂದ್ಕೊಂಡಿದ್ದೆ. ನೀನು ಬಂದು, 'ನಾನು ಮರೆತೆನೇನೇ' ಅಂತ ಅತ್ತೆ. ಹೌದು ಅಂದುಬಿಡೋದು ಸುಲಭ ಆಯ್ತು."

ಗುಮಾಸ್ತ ಕಡತದೊಳಗೆ ಮುಖ ಹುದುಗಿಸಿದ. ಎಷ್ಟೋ ಕಳ್ಳರು ಸಿಕ್ಕಿಬಿದ್ದಾಗ ಚಪ್ಪಾಳೆ ತಟ್ಟಿದ್ದ ನಾದಿನಿಗೆ ಇವತ್ತು ಎದ್ದು ಹೋಗಿಬಿಡೋಣ ಅನ್ನಿಸಿತು. ಮುದಿ ತಾಯಿಯ ಮಲ ಮೂತ್ರ ಬಳಿದವಳ ಎದೆಯಲ್ಲಿ ಯಾವ ಭಯವಿದೆ ಎಂದು ಚೆನ್ನಾಗಿ ಬಲ್ಲ ತಂಗಿಯೇ ಅಲ್ಲೇ ಹುಡುಕಿ ಚುಚ್ಚಿದ್ದಳಲ್ಲ! ಹೊರಗಿನವರು ಹೀಗೆ ಮಾಡಿದ್ದರೆ ಬೈದಾದರೂ ಹೊಟ್ಟೆ ತಣ್ಣಗಾಗುತ್ತಿತ್ತು.

"ಡಾಕ್ಟರ ಮುಂದೆ ನೂರರಿಂದ ಏಳೇಳು ಕಳೀತಾ ಬನ್ನಿ ಅಂದ್ರಲ್ಲ" ಎಂದಳು ಟೈಲರಮ್ಮ. "ನಾನು ತೊದಲಿದಾಗ ನೀನು ಕೈ ಹಿಡ್ಕೊಂಡಿದ್ದೆ. ಆಗಲೂ ಗೊತ್ತಿತ್ತಾ?"

ತಂಗಿ ಅಕ್ಕನ ಬೆನ್ನ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. "ಗೊತ್ತಿತ್ತು."

ಟೈಲರಮ್ಮ ತಲೆಯಾಡಿಸಿದಳು. ಅತ್ತಿಗೆ ಚೀಲದಿಂದ ಬಿಳಿ ಹಾಳೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟು, ದೂರು ಕೊಡುವುದೂ ಬಿಡುವುದೂ ನಿಮಗೆ ಬಿಟ್ಟದ್ದು ಎಂದಳು. ಕೊಟ್ಟರೆ ಸುಳ್ಳು ಕಾಗದ ಸಲ್ಲಿಸಿದವರು ಯಾರೆಂದು ಬರೆಯಲೇಬೇಕು, ಆಮೇಲೆ ಅದು ಪೊಲೀಸರ ತನಕ ಹೋಗಬಹುದು ಎಂದು ಗುಮಾಸ್ತ ತಲೆ ಎತ್ತದೆ ಹೇಳಿದ.

ತಂಗಿ ಕುರ್ಚಿಯಿಂದ ಜಾರಿ ಅಕ್ಕನ ಮಂಡಿ ಹಿಡಿದುಕೊಂಡಳು. "ಅಕ್ಕಾ, ತಪ್ಪಾಯ್ತು. ನಿನ್ನ ಮಗಳ ಹಾಗೆ ಸಾಕಿದ್ದೀಯ. ಇದೊಂದು ಸಲ ಮರೆತುಬಿಡಕ್ಕಾ."

"ಆ ಕಾಯಿಲೆ ನನಗಿಲ್ಲ ಅಂತ ಈಗಷ್ಟೇ ಗೊತ್ತಾಯ್ತಲ್ಲೇ" ಎಂದಳು ಟೈಲರಮ್ಮ.

ಅವಳು ಕನ್ನಡಕ ಒರೆಸಿ ಹಾಕಿಕೊಂಡು ಹಾಳೆಯನ್ನು ಹತ್ತಿರ ಎಳೆದುಕೊಂಡಳು. ಅಕ್ಷರಗಳು ಗುಂಡಗೆ, ಸಾಲು ಬಿಡದೆ ಇಳಿಯತೊಡಗಿದವು. ತಂಗಿಯ ಹೆಸರು ಬರೆಯಬೇಕಾದ ಜಾಗ ಬಂತು. ನಾದಿನಿ ಮೇಜಿನ ಮೇಲೆ ಬಗ್ಗಿ ನೋಡುತ್ತಿದ್ದಳು. ಟೈಲರಮ್ಮನ ಕೈ ಅಲ್ಲಿಯೂ ನಿಲ್ಲಲಿಲ್ಲ.