ಅಡುಗೆಮನೆ ನಿಧಿಯ ಕಳ್ಳ

"ಅಕ್ಕಾರ, ಸಂಜೀಕ ಸಭಾ ಐತ್ರಿ. ಅಷ್ಟರಾಗ ಕಳ್ಳ ಸಿಗದಿದ್ರ ನಾನ ಕಳ್ಳ!" ಎಂದು ಅಂದಾನೆಪ್ಪ ಸಾವಂತ್ರೆವ್ವನವರ ಮನೆ ಬಾಗಿಲಲ್ಲೇ ಕುಸಿದು ಕುಳಿತರು. ನೇಸರಗಿಯ ಹೆಣ್ಣುಮಕ್ಕಳ ಉಚಿತ ವಸತಿನಿಲಯಕ್ಕೆ ಅವರು ಖಜಾಂಚಿ. ಹೊಸ ಅಡುಗೆಮನೆಗೆಂದೇ ಕೂಡಿಸಿದ ನಿಧಿಯಲ್ಲಿ ಐವತ್ತೊಂದು ಸಾವಿರ ಕಡಿಮೆ ಬಂದಿತ್ತು. ಮಾನ ಉಳಿಸಿಕೊಳ್ಳಲು ಮಡದಿಯ ಚಿನ್ನದ ಬಳೆ, ಪಾಟ್ಲಿ, ಮಾರುವುದೆಂದು ಕರವಸ್ತ್ರದಲ್ಲಿ ಗಂಟು ಕಟ್ಟಿ ತಂದಿದ್ದರು.

ಕಲ್ಮೇಶ ಅವರನ್ನು ಎಬ್ಬಿಸಿ ಒಳಗೆ ಕೂರಿಸಿದ. ಬೈಲಹೊಂಗಲದಲ್ಲಿ ಪತ್ತೇದಾರರೆಂದರೆ ಅವನ ಪಾಲಿಗೆ ಒಬ್ಬರೇ, ನಿವೃತ್ತ ಲೆಕ್ಕ ತಪಾಸಕಿ ಸಾವಂತ್ರೆವ್ವ. ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ತಿರುಗುವ ಹುಚ್ಚಿಗೆ ಅವನ ಅಂಗಡಿ ತೆರೆದದ್ದಕ್ಕಿಂತ ಮುಚ್ಚಿದ್ದೇ ಹೆಚ್ಚು.

"ಪಾಟ್ಲಿ ಒಳಗಿಡ್ರಿ. ಲೆಕ್ಕ ಯಾರ ಬರೀತೀರಿ?" ಎಂದರು ಸಾವಂತ್ರೆವ್ವ.

"ನಾ ಕೈಗೆ ಬಂದದ್ದಷ್ಟ ಬರದು ಬ್ಯಾಂಕಿಗೆ ತುಂಬತೇನ್ರಿ. ಕಾರ್ಯದರ್ಶಿ ಶೀತಲ್ ಸಮಾರಂಭದಾಗ ವೇದಿಕಿ ಮ್ಯಾಲ ಕುಂತು ದಾನದ ಪಟ್ಟಿ ಬರೀತಾರ. ಎರಡೂ ಮೊತ್ತ ಕೂಡವಲ್ವು, ನಂದ ಕಡಿಮಿ. ಪುಸ್ತಕದ ನಿಧಿ ತಗದು ತುಂಬ್ರಿ ಅಂತ ಒಬ್ರು ಅಂದ್ರು. ಪುಸ್ತಕಕ್ಕ ಕೊಟ್ಟ ರೊಕ್ಕ ಒಲಿಗೆ ಹೆಂಗ ಹಾಕ್ಲಿ?"

ದಾರಿಯಲ್ಲಿ ಸಾವಂತ್ರೆವ್ವ ಕೇಳಿದ್ದು ಒಂದೇ ಮಾತು: "ಕಳ್ಳ ಐವತ್ತ ಸಾವಿರಕ್ಕ ಯಾಕ ನಿಲ್ಲಲಿಲ್ಲ, ಕಲ್ಮೇಶ?" ನೇಸರಗಿ ಮುಟ್ಟುವ ತನಕ ತಲೆ ಕೆರೆದುಕೊಂಡರೂ ಅವನಿಗೆ ಹೊಳೆಯಲಿಲ್ಲ.

ನಿಲಯದ ಅಧ್ಯಕ್ಷ ಬೀರಪ್ಪ ತಮ್ಮ ಗೊಬ್ಬರದ ಅಂಗಡಿಯಲ್ಲಿ ಚಹಾ ಕೊಟ್ಟು ಗುಡುಗಿದರು. "ಕಳ್ಳ ಯಾವನ ಇರ್ಲಿ, ಪೊಲೀಸರಿಗೆ ಕೊಡಾಂವ ನಾ!"

ಅವರ ತಲೆಯ ಮೇಲಿನ ಗೂಡಿನಲ್ಲಿ, ಕೆಂಪು ಅರಿವೆ ಸುತ್ತಿದ ತೆಂಗಿನಕಾಯಿಗೆ ಹೂ ಏರಿಸಿತ್ತು. "ಚಂದ ಐತಿ. ಯಾವ ಗುಡೀದು?" ಎಂದರು ಸಾವಂತ್ರೆವ್ವ.

"ಅಡುಗಿಮನಿ ಅಡಿಗಲ್ಲಿನ ಪೂಜಾದ್ದ್ರಿ. ಅದು ಬಂದಾಗಿಂದ ವ್ಯಾಪಾರ ಜೋರ!"

ಸಂಜೆ ಊಟದ ಸಾಲೆಯಲ್ಲಿ ಎಲ್ಲರೂ ಕೂಡಿದರು. ಕಿಟಕಿಗೆ ಹುಡುಗಿಯರು ಮುತ್ತಿದ್ದರು.

"ಕದಿಯಾಂವ ಮ್ಯಾಲೊಂದು ಸೇರಿಸಿ ಕದಿಯೂದಿಲ್ಲ. ಅದು ದಾನ ಕೂಗೂ ಮಂದಿ ಲೆಕ್ಕ," ಎಂದು ಸಾವಂತ್ರೆವ್ವ ಶುರುಮಾಡಿದರು. "ಶೀತಲ್ ಅವ್ರ, ಅಡಿಗಲ್ಲಿನ ದಿನ ಪೂಜಾದ ಕಾಯಿ ಹರಾಜಿನ ಸವಾಲ ಆತಲ್ಲ, ಎಷ್ಟಕ್ಕ ಹೋತು?"

"ಐವತ್ತೊಂದು ಸಾವಿರಕ್ರಿ. ಕೂಗಿದ ಕೂಡ್ಲೆ ದಾನದ ಪಟ್ಟಿಗೆ ಏರಿಸಿದೆ."

"ರೊಕ್ಕ?"

"ಆಮ್ಯಾಲ ಕೊಡೂದು ನಮ್ಮ ರೂಢಿ ಅಲ್ಲೇನ್ರಿ?"

"ಅದ ನೋಡ್ರಿ. ನೀವು ಬರೂದನ್ನೂ ಹಿಡದು ಬರದ್ರಿ. ಅಂದಾನೆಪ್ಪ ಬಂದದ್ದಷ್ಟ ಬರದ್ರು. ಎರಡೂ ಪದ್ಧತಿ ಖರೇನ. ಆದ್ರ ಎರಡನ್ನೂ ಹೋಲಿಸುವಾಗ ಬರಬೇಕಾದ್ದನ್ನ ಬ್ಯಾರೆ ತಗದು ಇಡಬೇಕಿತ್ತು. ನೀವು ಬರೇ ಮೊತ್ತ ನೋಡಿದ್ರಿ. ಕಳವು ಆಗಿಲ್ಲ, ಬಾಕಿ ಐತಿ."

"ಯಾವನ ಬಾಕಿ?" ಬೀರಪ್ಪ ಮೇಜು ಗುದ್ದಲು ಕೈ ಎತ್ತಿದರು.

"ಆ ಕಾಯಿ ಯಾರ ಅಂಗಡ್ಯಾಗ ಕುಂತೈತ್ರಿ?"

ಎತ್ತಿದ ಕೈ ಅಲ್ಲೇ ನಿಂತಿತು. "ಅಯ್ಯ ಶಿವನ! ಅಂಗಡಿ ಉದ್ರಿ ವಸೂಲಿ ಆದ ಕೂಡ್ಲೆ ಕೊಡತೇನಿ ಅಂದಿದ್ದೆ. ಮರತ ಬಿಟ್ಟೆ!"

"ಪೊಲೀಸರಿಗೆ ಫೋನ್ ಹಚ್ಚಲೇನ್ರಿ?" ಎಂದ ಕಲ್ಮೇಶ, ಬಹಳ ವಿನಯದಿಂದ. ಕಿಟಕಿಯ ತುಂಬ ನಗು ಸಿಡಿಯಿತು.

ಬೀರಪ್ಪ ಅಂದಾನೆಪ್ಪನವರ ಎರಡೂ ಕೈ ಹಿಡಿದು ತಪ್ಪಾಯಿತೆಂದರು. ಅಲ್ಲೇ ಫೋನಿನಲ್ಲಿ ರೊಕ್ಕ ಕಳಿಸಿದರು. "ಹಾಕೇನಿ, ಬರಕೋರಿ."

"ಬರ್ಲಿ ತಡೀರಿ," ಎಂದು ಅಂದಾನೆಪ್ಪ ಪೆನ್ನು ಹಿಡಿದು ಕುಳಿತರು. ಬ್ಯಾಂಕಿನ ಸಂದೇಶ ಟಿಣ್ ಎಂದ ಮೇಲೆಯೇ ಬರೆದರು. ಬರೆಯುವಾಗ ಕಣ್ಣು ಒದ್ದೆಯಾಗಿತ್ತು. ಆಮೇಲೆ ಕಿಸೆಯಲ್ಲಿದ್ದ ಕರವಸ್ತ್ರದ ಗಂಟು ನೆನಪಾಗಿ ದಡಕ್ಕನೆ ಎದ್ದರು.

"ಕಲ್ಮೇಶ, ಬೈಕ್ ತಗಿಯಪಾ, ಲಗೂನ! ಪಾಟ್ಲಿ ತಂದದ್ದು ನಮ್ಮಾಕಿಗೆ ಗೊತ್ತಿಲ್ಲ!"