ಒಂದು ಗೇಮು, ಎರಡು ಹೆಬ್ಬೆರಳು

"ಮತ್ತ ಬಿತ್ತಲ್ರೀ!" ಮಂಜರಿ ಅಳುವುದೊಂದು ಬಾಕಿ.

ಅಫಜಲಪುರದಿಂದ ಮಣ್ಣೂರಿಗೆ ಹೋಗುವ ಸಂಜೆಯ ಬಸ್ಸು. ಬ್ಯಾಂಕಿನಲ್ಲಿ ಕೆಲಸ ಮಾಡುವ ಮಂಜರಿ ಕರಜಗಿಯಲ್ಲಿ ಇಳಿಯುವವಳು, ಹೈಸ್ಕೂಲ್ ಮಾಸ್ತರ ಸಂಕೇತ ಮಣ್ಣೂರಿನವನು. ಇಬ್ಬರ ನಡುವೆ ಅವನ ಹಳೆಯ ವಿಡಿಯೋ ಗೇಮು, ಅಂಗೈಯಗಲದ್ದು. ಎಡಗಡೆಯ ಗುಂಡಿ ಅವಳದು, ಓಡಿಸಲಿಕ್ಕೆ. ಬಲಗಡೆಯದು ಅವನದು, ಜಿಗಿಸಲಿಕ್ಕೆ. ನೋಡಿದವರು ಏನಂದಾರು ಎಂಬ ಚಿಂತೆಯನ್ನು ಮಂಜರಿ ಎಂದೋ ಗಾಳಿಗೆ ತೂರಿದ್ದಳು.

ಗೇಮಿನ ಪುಟ್ಟ ನರಿ ಎಲ್ಲ ದಾಟಿ ಬಂದು ಕಡೆಯ ಕಂದಕದಲ್ಲೇ ಬೀಳುತ್ತಿತ್ತು. ಮಳೆಗಾಲದಿಂದಲೂ ಅದರದು ಅದೇ ಹಣೆಬರಹ. ಆದರೆ ಸೋಮವಾರದಿಂದ ಮಂಜರಿಗೆ ಜೇವರ್ಗಿ ಬ್ರಾಂಚು. ಈ ಬಸ್ಸಿನಲ್ಲಿ ಇವತ್ತೇ ಕೊನೆ, ಅದನ್ನು ಅವನಿಗಿನ್ನೂ ಹೇಳಿರಲಿಲ್ಲ. ಗೇಮೂ ಮುಗಿಯಬೇಕು, ಇವನ ಬಾಯಿಂದ ಆ ಒಂದು ಮಾತೂ ಬರಬೇಕು ಎಂದು ಹಟ ಹಿಡಿದು ಕೂತಿದ್ದಳು.

"ಇನ್ನೊಮ್ಮೆ ಆಡೂಣ್ರಿ."

ನರಿ ಓಡಿತು. ಕಂದಕ ಬಂತು. ಈ ಸಲ ಮಂಜರಿ ಸ್ಕ್ರೀನು ಬಿಟ್ಟು ಅವನ ಹೆಬ್ಬೆರಳು ನೋಡಿದಳು. ಅದು ಗುಂಡಿಯಿಂದ ಮೆಲ್ಲಗೆ ಮೇಲೆದ್ದು ಸುಮ್ಮನೆ ನಿಂತಿತ್ತು. ತಲೆಯೆತ್ತಿದರೆ ಆಸಾಮಿ ಗೇಮಿನ ಕಡೆ ನೋಡುತ್ತಲೇ ಇಲ್ಲ. ಅವಳನ್ನೇ ನೋಡುತ್ತಿದ್ದ.

"ಬೇಕಂತಲೇ ಬೀಳಸ್ತೀರಿ!"

ಸಂಕೇತನ ಕಿವಿ ಕೆಂಪಾಯಿತು. "ಗೇಮ್ ಮುಗೀತಂದ್ರ ನೀವು ಈ ಸೀಟಿಗೆ ಯಾಕ್ ಬರ್ತೀರಿ ಅಂತ..."

ಮಂಜರಿಗೆ ಸಿಟ್ಟೂ ಬಂತು, ನಗೆಯೂ ಬಂತು. ಎಂಥ ಹುಚ್ಚಪ್ಪ! ಮುಂದೆ ಸೀಟು ಖಾಲಿಯಿದ್ದರೂ ತಾನು ದಿನಾ ಇಲ್ಲಿ ಬಂದು ಕೂತದ್ದು ಒಂದು ನರಿಗಾಗಿ ಎಂದುಕೊಂಡನೇ?

"ಮಾಸ್ತರ, ಈ ಸಲ ಜಿಗಸ್ರಿ."

"ಮುಗದ್ರ?"

"ಮುಗೀಲಿ. ಮುಗದ ಮ್ಯಾಲ ಮಾತಾಡೂದದ."

ಕಿಟಕಿಯಾಚೆ ಕರಜಗಿಯ ಕಬ್ಬು ಶುರುವಾಯಿತು. ಅವಳು ಓಡಿಸಿದಳು, ಅವನು ಒತ್ತಿದ. ನರಿ ಆಚೆ ದಡದಲ್ಲಿತ್ತು. ಗೇಮು ಕುಣಿದು ಹಾಡತೊಡಗಿದರೂ ಇಬ್ಬರೂ ಕೈ ತೆಗೆಯಲಿಲ್ಲ.

"ಈಗ ಹೇಳ್ರಿ," ಎಂದಳು.

"ನೀವಂದ್ರ ನನಗ ಭಾಳ ಇಷ್ಟರಿ," ಎಂದ ಸಂಕೇತ, ಒಂದೇ ಉಸಿರಿಗೆ.

ಬಸ್ಸು ನಿಂತಿತು. ಮಂಜರಿ ಗೇಮನ್ನು ತನ್ನ ಬ್ಯಾಗಿಗೆ ಹಾಕಿಕೊಂಡು ಎದ್ದಳು.

"ಅರೇ, ಅದು ನಂದರಿ!"

"ಐತವಾರ ಮನಿಗೆ ಬಂದು ತಗೊಂಡ್ ಹೋಗ್ರಿ. ಅವ್ವಗ ದೀಪಾವಳಿಗೇ ಹೇಳೇನಿ. ನೀವು ಬಾಯಿ ಬಿಡೂದೊಂದು ಉಳದಿತ್ತು."