ಮೇಲಿನಿಂದ ಬಂದ ಉತ್ತರ

ಆಗಸ್ಟ್ 14, ಶನಿವಾರ, ಸಂಜೆ 7.10. ವಾಯಿಲೋತು ಠಾಣೆಗೆ ಉಲಮಿಲಾ ಎಂಬ ಹೆಂಗಸು ಮಳೆಯಲ್ಲಿ ನೆನೆದುಕೊಂಡೇ ಬಂದಳು. ಅವಳ ತಂಗಿ ತೋರಿಕಾ, ವಯಸ್ಸು ಇಪ್ಪತ್ತಾರು, ರಾಜಧಾನಿ ಸುವಾದಲ್ಲಿ ಶಿಕ್ಷಕಿ. ಬೆಳಿಗ್ಗೆ ಉಲುನಿವಾಯ್ ಶಿಖರ ಹತ್ತಲು ಹೋದವಳು ಮರಳಿರಲಿಲ್ಲ.

ಇನ್‌ಸ್ಪೆಕ್ಟರ್ ಅಕೋಸಿತಾ ದೂರು ಬರೆದುಕೊಂಡರು.

“ಒಬ್ಬಳೇ ಯಾಕೆ ಹೋದಳು?”

“ನಾನೂ ಹೋಗಬೇಕಿತ್ತು. ಮೊಣಕಾಲು ನೋವು ಅಂದೆ. ಸರಿ ಮುದುಕಿ, ನೀನು ಕೂತು ಮರಗೆಣಸು ಬೇಯಿಸು ಅಂತ ನಕ್ಕು ಹೋದಳು.”

“ದಾರಿ ಗೊತ್ತಾ ಅವಳಿಗೆ?”

“ಚಿಕ್ಕಂದಿನಲ್ಲಿ ಹತ್ತಿದೀವಿ. ಮೇಡಂ, ಈಗಲೇ ಹೊರಡಿ.”

ಮಳೆ ನಿಂತಿರಲಿಲ್ಲ. ಕತ್ತಲಲ್ಲಿ ಬೆಟ್ಟದ ದಾರಿಯ ಹೊಳೆ ದಾಟಲು ಆಗದು. ಅಕೋಸಿತಾ ಅದನ್ನೇ ಹೇಳಿದರು. ಉಲಮಿಲಾ ಠಾಣೆಯ ಬೆಂಚಿನಿಂದ ಏಳಲಿಲ್ಲ.

ಬೆಳಗಿನ ಜಾವ ಮಳೆ ಬಿಟ್ಟಿತು. ಅಕೋಸಿತಾ, ಕಾರ್ಪೊರಲ್ ಇನೋಕೆ, ಕಾನ್‌ಸ್ಟೇಬಲ್ ಶಲ್ವಿನ್ ಗೌಂಡರ್ ಬೆಟ್ಟದ ಬುಡದ ನಬೂತಿನಿ ಹಳ್ಳಿ ತಲುಪಿದರು. ಹಳ್ಳಿಯ ಹಿರಿಯ ವೈಸಾಕೆ ಬಾಗಿಲಲ್ಲೇ ಕುಳಿತಿದ್ದ.

“ಬಂದಿದ್ದಳು. ಕಾಣಿಕೆಯ ಯಂಗೋನಾ ಬೇರು ಮುಂದಿಟ್ಟು ಬೆಟ್ಟಕ್ಕೆ ಹೋಗೋಕೆ ಅಪ್ಪಣೆ ಕೇಳಿದಳು. ಕೊಟ್ಟೆ. ಈಗಿನವರಲ್ಲಿ ಆ ಮರ್ಯಾದೆ ಯಾರಿಗಿದೆ?”

ಮೊದಲ ಜಲಪಾತ ದಾಟಿದರು. ಎರಡನೆಯದರ ನೆತ್ತಿಯಲ್ಲಿ ದಾರಿ ಕವಲಾಗುತ್ತದೆ. ಎಡಕ್ಕೆ ಹೋದರೆ ಮೇಲಿನ ಮಡು, ಅಲ್ಲಿಂದ ಶಿಖರ. ಬಲಕ್ಕೆ ಮೂರನೆಯ ಜಲಪಾತದ ಪಕ್ಕದ ಕಲ್ಲಂಚಿನ ಮೇಲೆ ಸುತ್ತಿ ಶಿಖರ ಸೇರುವ ಹಳೆಯ ದಾರಿ. ಎಡದಾರಿಯ ನಡುವೆ ಒಂದು ಕೋಲು ನೆಟ್ಟಿತ್ತು. ಅದಕ್ಕೆ ಹೆಣೆದ ತೆಂಗಿನ ಗರಿ.

ಇನೋಕೆ ನಿಂತುಬಿಟ್ಟ.

“ಏನ್ ಭಾವ, ಕಾಲು ಬೇರು ಬಿಡ್ತಾ?” ಶಲ್ವಿನ್ ಹಿಂದಿನಿಂದ ಕೇಳಿದ.

“ತಂಬು ಕಣೋ. ಅರಸುಮನೆಯ ದೊಡ್ಡವರು ಸತ್ತರೆ ನೂರು ರಾತ್ರಿ ಈ ತಡೆ. ದಾಟಬಾರದು.”

“ನಾವು ಹೊರಗಿನಿಂದ ಬಂದ ಗೌಂಡರ್‌ಗಳು. ನಮಗೆ ತಟ್ಟಲ್ಲ.”

“ಹಂಗಾದ್ರೆ ನೀನೇ ಮುಂದೆ ನಡಿ.”

ಶಲ್ವಿನ್ ನಡೆಯಲಿಲ್ಲ. ಅಕೋಸಿತಾ ಇನೋಕೆಯನ್ನು ಕೇಳಿದರು.

“ಅರಸುಮನೆಯಲ್ಲಿ ಯಾರು ಸತ್ತಿದ್ದಾರೆ?”

“ಯಾರೂ ಇಲ್ಲ ಮೇಡಂ. ಸತ್ತಿದ್ದರೆ ವೈಸಾಕೆ ಆ ಹುಡುಗಿಗೆ ಅಪ್ಪಣೆ ಕೊಡ್ತಿರಲಿಲ್ಲ.”

ಬೇರು ಕೊಟ್ಟು ಅಪ್ಪಣೆ ಕೇಳಿದವಳು ಈ ಕೋಲು ದಾಟಿರಲಾರಳು. ಅಕೋಸಿತಾ ಬಲಕ್ಕೆ ತಿರುಗಿದರು.

ಸ್ವಲ್ಪ ದೂರದಲ್ಲಿ ಕಲ್ಲಂಚು ಕುಸಿದಿತ್ತು. ಕೆಳಗೆ ಬಂಡೆಗಳ ನಡುವೆ ತೋರಿಕಾ ಬಿದ್ದಿದ್ದಳು. ಸೊಂಟದವರೆಗೆ ನೀರು. ಜೀವವಿತ್ತು. ಹಗ್ಗ ಹಿಡಿದು ಇಳಿದ ಅಕೋಸಿತಾರ ಮಣಿಕಟ್ಟನ್ನು ಅವಳು ಬಿಡಲಿಲ್ಲ.

“ಮೇಲೆ ಯಾರೋ ಇದ್ದರು,” ಅಂದಳು. “ಕೂಗಿದಾಗೆಲ್ಲ ಉತ್ತರ ಕೊಟ್ಟರು. ರಾತ್ರಿಯಿಡೀ.”

“ಏನಂತ?”

“ಹೆದರಬೇಡ ಸಾಲೋತೆ, ನಾನಿಲ್ಲೇ ಇದೀನಿ ಅಂತ. ನಾನು ಸಾಲೋತೆ ಅಲ್ಲ ಅಂದೆ. ಎಷ್ಟು ಸಲ ಅಂದೆ.”

“ಇಳಿದು ಬರಲಿಲ್ವಾ?”

“ಇಲ್ಲ. ಆಮೇಲೆ ಕೂಗೋಕೇ ಭಯ ಆಯ್ತು.”

ಮಧ್ಯಾಹ್ನ ಆಸ್ಪತ್ರೆಯಲ್ಲಿ ತೋರಿಕಾ ತೀರಿಕೊಂಡಳು. ಕಾಣೆಯಾದ ದೂರು ಸಾವಿನ ಪ್ರಕರಣವಾಯಿತು. ಎಫ್‌ಐಆರ್ ಹೊಸದಾಗಿ ಬರೆಯಬೇಕಾಯಿತು. ಉಲಮಿಲಾ ತಂಗಿಯ ಕೆಸರು ಬೂಟುಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು.

ಅಕೋಸಿತಾ ಮತ್ತೆ ನಬೂತಿನಿಗೆ ಹೋದರು.

“ಸಾಲೋತೆ ಯಾರು?”

“ನೆತಾನಿಯ ಹೆಂಡತಿ,” ವೈಸಾಕೆ ಹೇಳಿದ. “ಜೂನ್‌ನಲ್ಲಿ ಜ್ವರ ಬಂದು ಹೋದಳು. ಮೇಲಿನ ಮಡುವಲ್ಲಿ ಸಿಗಡಿ ಹಿಡೀತಿದ್ದಳು. ಅವನೀಗ ಅಲ್ಲೇ ಮೇಲೆ, ಗುಡಿಸಲಲ್ಲಿ ಇರ್ತಾನೆ.”

“ಅವಳಿಗೆ ತಂಬು ಹಾಕಿದ್ರಾ?”

“ಅವಳಿಗಾ? ಅದು ಅರಸುಮನೆಯವರಿಗೆ, ಮಗಳೇ.”

ಕೋಲನ್ನು ಮುಟ್ಟದೆ ಪಕ್ಕದ ಪೊದೆಯಲ್ಲಿ ಸುತ್ತಿ ಮೇಲೆ ಹೋದರು. ನೆತಾನಿ ಗುಡಿಸಲ ಮುಂದೆ ಕೆಸುವಿನ ಗೆಡ್ಡೆ ಹೆರೆಯುತ್ತಿದ್ದ. ಪೊಲೀಸರನ್ನು ಕಂಡು ಏಳಲಿಲ್ಲ, ಓಡಲಿಲ್ಲ.

“ಕೋಲು ನೆಟ್ಟಿದ್ದು ನೀನಾ?”

“ಹೌದು ಮೇಡಂ. ಸಾಲೋತೆಯನ್ನು ಮಣ್ಣು ಮಾಡಿ ಬಂದ ಮಾರನೇ ದಿನವೇ ಆ ಮಡುವಲ್ಲಿ ಯಾರೋ ಈಜ್ತಿದ್ರು. ನಗ್ತಿದ್ರು.”

“ಬಲಗಡೆ ದಾರಿ ಕುಸಿದಿದ್ದು ಗೊತ್ತಿತ್ತಾ?”

“ಗೊತ್ತಿತ್ತು. ಕೋಲು ನೋಡಿ ಮನೆಗೆ ವಾಪಸ್ ಹೋಗ್ತಾರೆ ಅಂದ್ಕೊಂಡೆ.”

“ರಾತ್ರಿ ಕೂಗು ಕೇಳಿಸ್ತಾ?”

“ಕೇಳಿಸ್ತು.”

“ತಾನು ಸಾಲೋತೆ ಅಲ್ಲ ಅಂತ ಅವಳು ಹೇಳಿದಳು.”

“ನೀರಿನ ಸದ್ದು ಮೇಡಂ. ಹೆಣ್ಣುದನಿ ಅಂತಷ್ಟೇ ತಿಳೀತು.”

“ಇಳಿದು ನೋಡಬಹುದಿತ್ತು.”

ನೆತಾನಿ ಚಾಕು ಕೆಳಗಿಟ್ಟ.

“ಇಳಿದಿದ್ದರೆ ಅವಳಲ್ಲ ಅಂತ ಗೊತ್ತಾಗಿಬಿಡ್ತಿತ್ತು.”

ಸಂಜೆ ನಾಲ್ಕಕ್ಕೆ ಅವನನ್ನು ಬಂಧಿಸಲಾಯಿತು. ವೈಸಾಕೆಯನ್ನು ಸಾಕ್ಷಿಯಾಗಿ ಕರೆಸಿ ಕವಲಿನಲ್ಲಿ ಪಂಚನಾಮೆ ಬರೆದರು. ಒಂದು ಬಿದಿರ ಕೋಲು. ಒಣಗಿದ ಗರಿಯ ಮೇಲೆ ಹೊಸ ಗರಿ, ಅದರ ಮೇಲೆ ಇನ್ನೂ ಹೊಸದು. ಅಷ್ಟು ಎತ್ತರದಲ್ಲಿ ತೆಂಗು ಬೆಳೆಯದು. ಒಣಗಿದಾಗೆಲ್ಲ ಅವನು ಕಡಲ ದಂಡೆಗೆ ಇಳಿದು ಗರಿ ಹೊತ್ತು ತಂದಿದ್ದ.

ಕೋಲನ್ನು ವಶಪಡಿಸಿಕೊಳ್ಳಬೇಕಿತ್ತು. ಇನೋಕೆ ನೆಲ ನೋಡಿದ. ಶಲ್ವಿನ್ ಕೈ ಚಾಚಿ ಹಿಂದಕ್ಕೆಳೆದುಕೊಂಡ. ಈ ಸಲ ಅವನೂ ತಮಾಷೆ ಮಾಡಲಿಲ್ಲ, ಅವನ ಬಗ್ಗೆ ಯಾರೂ ತಮಾಷೆ ಮಾಡಲಿಲ್ಲ. ಅಕೋಸಿತಾ ಪೆನ್ನಿನ ಮುಚ್ಚಳ ಹಾಕಿದರು, ಮತ್ತೆ ತೆಗೆದರು.

“ನಾನೇ ಕೀಳ್ತೀನಿ,” ನೆತಾನಿ ಅಂದ.

ಬೇಡಿ ಹಾಕಿದ ಎರಡೂ ಕೈಗಳಿಂದ ಕೋಲು ಕಿತ್ತು ಇನೋಕೆಯ ಕಾಲ ಬಳಿ ಮಲಗಿಸಿದ. ನಂತರ ಜಲಪಾತದ ಕಡೆ ತಿರುಗಿ ನಿಂತ. ಅವನನ್ನು ಎಳೆಯುವ ಧೈರ್ಯ ಯಾರಿಗೂ ಬರಲಿಲ್ಲ. ಎಲ್ಲರೂ ಕಿವಿಗೊಟ್ಟು ನಿಂತರು.

ಕೆಳಗಿನಿಂದ ಯಾರೂ ಕೂಗಲಿಲ್ಲ.